ಸೋದರಮಾವನ ಸಂಶಯ ಮತ್ತು ಒಂದು ಕಟ್ಟು ಮೆಂತ್ಯ

ಸಂಶಯವೇ ವಿಜ್ಞಾನದ ತಾಯಿ ಎಂದು ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ನನ್ನ ಸೋದರಮಾವ ವಿಜ್ಞಾನದ ಮುತ್ತಜ್ಜಿಯೇ ಆಗಬೇಕು! ನಿವೃತ್ತ ವಿಜ್ಞಾನ ಮಾಸ್ತರರಾದ ಅವರು ದೇವರನ್ನಾದರೂ ನಂಬಿಯಾರು, ಅಮೀನಗಡದ ಕರದಂಟನ್ನು ನಂಬುವವರಲ್ಲ. ಬಸ್ಸು ಅಲ್ಲಿ ನಿಂತರೆ ಇಳಿದು, ತುಂಡೊಂದನ್ನು ಬಿಸಿಲಿಗೆ ಹಿಡಿದು, ಒಳಗಿನ ಗೋಡಂಬಿ ಇಡಿಯದೋ ಚೂರೋ ಎಂದು ತನಿಖೆ ಮಾಡುತ್ತಾರೆ. ತನಿಖೆ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಅಂಗಡಿಯವನೂ ಡ್ರೈವರನೂ ಒಳಗಿಂದೊಳಗೆ ಒಂದಾಗಿದ್ದಾರೆಂಬುದು ಅವರ ಸಿದ್ಧಾಂತ.

ಇಂಥವರನ್ನು ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಕರೆಯುತ್ತಾರೆ. ಈಗಿನ ಪ್ರದರ್ಶನಗಳೇನು ಸಾಮಾನ್ಯವೇ? ನಮ್ಮ ಕಾಲದಲ್ಲಿ ಮಣ್ಣಿನ ಜ್ವಾಲಾಮುಖಿ ಒಂದಿಷ್ಟು ನೊರೆ ಉಗುಳಿದರೆ ಮುಗಿಯಿತು. ಈಗ ಮೀಸೆ ಮೂಡುವ ಮೊದಲೇ ಜಗತ್ತಿನ ಹಸಿವು, ನೀರಡಿಕೆ, ಕತ್ತಲೆ ಮೂರನ್ನೂ ಥರ್ಮಾಕೋಲಿನಲ್ಲಿ ನೀಗಿಸಬೇಕು. ಮಾವನ ಗುಮಾನಿ ಒಂದೇ: ನೀಗಿಸುತ್ತಿರುವವರು ಮಕ್ಕಳಲ್ಲ, ಅಪ್ಪಂದಿರು.

ಅದಕ್ಕೆ ಅವರದೇ ಒಂದು ಪರೀಕ್ಷೆಯಿತ್ತು. ಮಗು ಅತ್ತ ನೋಡಿದಾಗ ಮೆಲ್ಲನೆ ಒಂದು ತಂತಿ ಕಿತ್ತು, ನಿಂತುಹೋಯಿತಲ್ಲ, ನಡೆಸಿ ತೋರಿಸು ಎನ್ನುವುದು. ತಾನೇ ಮಾಡಿದ ಮಗುವಾದರೆ ಜೋಡಿಸುತ್ತದೆ. ಬಾದಾಮಿಯಲ್ಲಿ ಹೀಗೆ ಒಂದು ಸಾಲಿನ ತಂತಿಗಳನ್ನೆಲ್ಲ ಕಿತ್ತರು. ಮರುಗಳಿಗೆಯೇ ಕಿಟಕಿಯಾಚೆ ಕಾದಿದ್ದ ಆರೇಳು ಅಪ್ಪಂದಿರು ಸ್ಕ್ರೂಡ್ರೈವರ್ ಸಮೇತ ಒಳನುಗ್ಗಿದರು! ಜಗತ್ತನ್ನು ಉಳಿಸುವವರು ಯಾರೆಂಬುದು ಅಂದು ಸಂಶಯಾತೀತವಾಗಿ ಸಾಬೀತಾಯಿತು.

ಹೋದ ವರ್ಷ ಬಾಗಲಕೋಟೆಯಲ್ಲಿ ಮೂರು ದಿನಗಳ ಜಿಲ್ಲಾ ಪ್ರದರ್ಶನ. ಮಾವ ಬಸ್ಸನ್ನು ನಂಬದ ಕಾರಣ ನನ್ನ ಸ್ಕೂಟರಿನಲ್ಲೇ ಹೋಗಿದ್ದೆವು. ಅಲ್ಲಿ ಇಳಕಲ್ಲಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಉಸುಕು ತುಂಬಿದ್ದಳು. ಕರೆಂಟಿಲ್ಲದ ಊರುಗಳಲ್ಲಿ ಕಾಯಿಪಲ್ಲೆ ಕೊಳೆತು ಹಾಳಾಗದಿರಲು ಇದು ಉಪಾಯ. ಒಳಗಿಟ್ಟ ಮೆಂತ್ಯ ಮೂರು ದಿನ ಬಾಡುವುದಿಲ್ಲ ಎಂದಳು. ಮೊದಲ ಸ್ಥಾನ ಬಂದವರಿಗಷ್ಟೇ ರಾಜ್ಯಮಟ್ಟ. ಪಕ್ಕದ ಹುನಗುಂದ ದಾಟಿದ್ದೇ ಇದು ಮೊದಲ ಸಲವೆಂದ ಆ ಹುಡುಗಿ ಗಡಿಗೆಯ ಬಳಿಯಿಂದ ಕದಲುತ್ತಿರಲಿಲ್ಲ.

ಮಾವ ಗಡಿಗೆಗೆ ಎರಡು ಪ್ರದಕ್ಷಿಣೆ ಬಂದರು. ಕೀಳಲು ತಂತಿಯೇ ಇಲ್ಲ! ಇದಕ್ಕಿಂತ ದೊಡ್ಡ ಮೋಸದ ಲಕ್ಷಣ ಬೇಕೆ? ದಿನಾ ಬೆಳಿಗ್ಗೆ ಹೊಸ ಮೆಂತ್ಯ ತಂದಿಡುತ್ತಾಳೆಂದು ತೀರ್ಮಾನಿಸಿ, ಕೈಚೀಲದ ಅಂಚಿನಿಂದ ಕೆಂಪು ನೂಲೊಂದನ್ನು ಎಳೆದು ಮೆಂತ್ಯದ ಕಟ್ಟಿಗೆ ಬಿಗಿದು, ಗಂಟಿನ ಚಿತ್ರವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಮೂರನೆಯ ದಿನ ಗಡಿಗೆಯ ಬಾಯಿ ತೆರೆದರು. ಮೆಂತ್ಯ ಹಸಿರಾಗಿಯೇ ಇತ್ತು. ನೂಲೂ ಅದೇ. ಗಂಟು ಮಾತ್ರ ಮಾವನದಲ್ಲ! ಅವರ ಮುಖ ಹಬ್ಬದ ದಿನದಂತೆ ಬೆಳಗಿತು.

"ಯಾರವಾ ಇದನ್ನ ಬಿಚ್ಚಿದವರು?"

"ನಾನರಿ ಸರ."

ಇಷ್ಟು ಬೇಗ ಒಪ್ಪಿಕೊಂಡದ್ದು ಅವರಿಗೆ ನಿರಾಶೆಯನ್ನೇ ತಂದಿರಬೇಕು. ಪಲ್ಲೆ ಬದಲಿಸಲಿಕ್ಕೋ ಎಂದರು.

"ಅಲ್ರಿ. ನಿಮ್ಮ ಗಂಟ ಭಾಳ ಸಡಿಲ ಇತ್ತರಿ. ನಮ್ಮದು ಮಗ್ಗದ ಮನಿ. ಸಡಿಲ ಗಂಟ ನೋಡಿ ಸುಮ್ನ ಕುಂದ್ರಾಕ ಆಗೂದಿಲ್ರಿ."

"ಬಿಚ್ಚಿದ ಮ್ಯಾಲ ಇದು ಅದಽ ಪಲ್ಲೆ ಅಂತ ನಾ ಹೆಂಗ ನಂಬಲಿ?"

"ನಂಬೂದು ನಿಮಗ ಬಿಟ್ಟದ್ದರಿ ಸರ. ಗಂಟ ಮಾತ್ರ ಸಡಿಲ ಇತ್ತರಿ."

ಪುರಾವೆ? ಎಳ್ಳಷ್ಟೂ ಇಲ್ಲ. ಸೊನ್ನೆ ಬೀಳುವುದನ್ನು ಕಾಯುತ್ತ ನಾನು ಅಂಕಪಟ್ಟಿಯತ್ತ ನೋಡಿದೆ. ಮಾವ ಕನ್ನಡಕ ಒರೆಸಿಕೊಂಡು ಗಂಟನ್ನು ಕಣ್ಣಿನ ಹತ್ತಿರ ಹಿಡಿದರು. ಮಗ್ಗದ ಹಾಸಿನಲ್ಲಿ ಹರಿದ ಉದ್ದನೆಯ ಎಳೆ ಜೋಡಿಸುವಾಗ ನೇಕಾರರು ಹಾಕುವ ಗಂಟು. ಸಣ್ಣಗೆ, ತುದಿ ಹಲ್ಲಿನಿಂದ ಕಡಿದದ್ದು. ಮಾವನೂ ಇಳಕಲ್ಲಿನ ಮಗ್ಗದ ಮನೆಯಲ್ಲೇ ಹುಟ್ಟಿದವರು. ಅವರು ಮಾಸ್ತರರಾದ ಮೇಲೆ ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು.

"ನಮ್ಮವ್ವನೂ ಹಿಂಗಽ," ಎಂದರು, ನನಗೊಬ್ಬನಿಗೇ ಕೇಳುವಂತೆ. "ನಾ ಹಾಕಿದ ಗಂಟೆಲ್ಲ, ನಾ ಸಾಲಿಗೆ ಹೋದ ಮ್ಯಾಲ ಬಿಚ್ಚಿ ಮತ್ತ ಹಾಕತಿದ್ಲು. ಒಂದ ದಿನಾನೂ ಬಾಯಿಬಿಟ್ಟು ಹೇಳಲಿಲ್ಲ."

ಮೆಂತ್ಯದ ಕಟ್ಟನ್ನು ಎರಡೂ ಕೈಯಿಂದ ಗಡಿಗೆಯೊಳಗೆ ಇಳಿಸಿ, ಅಂಕಪಟ್ಟಿ ತೆಗೆದುಕೊಂಡರು.

ಹುಡುಗಿಗೆ ಮೊದಲ ಸ್ಥಾನ ಬಂತು. ರಾಜ್ಯಮಟ್ಟಕ್ಕೆ ಹೋದಳು, ಅಲ್ಲಿ ಬಹುಮಾನ ಬರಲಿಲ್ಲ.