ಆರತಕ್ಷತೆಯ ಕರಿ ಕೇಕು

ನಾನು ಯಾವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಲು ಹೊರಟರೂ, ಮಂಡ್ಯದಿಂದ ಮಳವಳ್ಳಿಯವರೆಗಿನ ಜನ ಮೊದಲೇ ಮಾತಾಡಿಕೊಂಡವರಂತೆ ಅದನ್ನು ಕಲಸಿಹಾಕಲು ಬಂದು ನಿಲ್ಲುತ್ತಾರೆ. ಮಗಳ ಮದುವೆಯಲ್ಲೂ ಬಂದರು. ಈ ಸಲ ಅವರ ಕೈಗೆ ಸಿಕ್ಕಿದ್ದು ಒಂದು ಕೇಕು.

ಬಿಳಿಗೆ ಏನಾಗಿದೆ?

ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಒಂದು ಸಂಜೆ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ಧಾರೆಯ ಹಿಂದಿನ ಸಂಜೆಯ ಆರತಕ್ಷತೆಗೆ ಅವಳಿಗೆ ಇಂಥದೇ ಕೇಕು ಬೇಕಂತೆ. ಮೂರಂತಸ್ತು, ಬುಡದಿಂದ ತುದಿಯವರೆಗೆ ಅಪ್ಪಟ ಕಪ್ಪು ಕ್ರೀಂ, ಪಕ್ಕದಲ್ಲಿ ಕೆಂಪು ಗುಲಾಬಿ.

ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ಮದುವೆಯ ಕೇಕು ಬೆಳ್ಳಗಿರುತ್ತದೆ, ಚಾಕುವಿನ ಹಿಡಿಗೆ ರಿಬ್ಬನ್ ಕಟ್ಟಿರುತ್ತಾರೆ ಎಂಬುದನ್ನು ಈ ಊರಿನವರು ಕೇಕಿನ ಮುಖ ನೋಡುವ ಮೊದಲೇ ತಿಳಿದಿದ್ದೆ.

“ಬಿಳಿಗೆ ಏನಾಗಿದೆ?” ಎಂದೆ.

“ಬಿಳೀದನ್ನ ಎಲ್ಲರೂ ಇಡ್ತಾರಮ್ಮ. ಸೀರೆ ನೀನು ಆರಿಸಿದೆ, ಒಡವೆ ನೀನು ಆರಿಸಿದೆ, ಊಟಕ್ಕೆ ಏನೇನು ಅಂತಲೂ ನೀನೇ. ನಾನು ಕೇಳ್ತಿರೋದು ಇದೊಂದೇ.”

ಕಣ್ಣಲ್ಲಿ ನೀರು ಬೇರೆ. ನಾನು ಸ್ವಲ್ಪ ಇಳಿದು, “ಹುಡುಗನ ಅಭಿಪ್ರಾಯ ಏನು?” ಎಂದೆ.

“ಅವರನ್ನೂ ನೀನೇ ಆರಿಸಿದ್ದು. ಅವರಿಗೆ ಅಭಿಪ್ರಾಯ ಇಲ್ಲ.”

ಕಪ್ಪು ಅಂದರೆ ಕಪ್ಪು

ಮಂಡ್ಯದ ಬೇಕರಿಯವನ ಆಲ್ಬಮ್ಮಿನಲ್ಲಿ ಟ್ರ್ಯಾಕ್ಟರ್ ಕೇಕು, ಕಬ್ಬು ಹೊತ್ತ ಎತ್ತಿನಗಾಡಿಯ ಕೇಕು, ಯಾರೋ ಮುಖಂಡರ ಮೀಸೆಯ ಕೇಕು ಎಲ್ಲ ಇದ್ದವು. ನಮಗೆ ಕಪ್ಪು ಬೇಕು ಎಂದೊಡನೆ ಆತ ದನಿ ತಗ್ಗಿಸಿದ.

“ಯಾರು ಓಗ್ಬುಟ್ರು ಮೇಡಂ?”

“ಮಗಳ ಮದುವೆಗೆ ಕಣ್ರೀ!”

“ಅಯ್ಯೋ ಸದ್ಯ! ತಿಥಿಗೂ ಕೇಕು ಸುರುವಾಯ್ತೇನೋ ಅಂದ್ಕಂಡೆ.”

ಮೊದಲ ಮಾದರಿಯ ಕ್ರೀಂ ಸವೆದ ಬಸ್ ಟಯರಿನ ಬಣ್ಣಕ್ಕಿತ್ತು. ವಾಪಸ್ ಕಳಿಸಿದೆ. ಎರಡನೆಯದು ಬದನೆಕಾಯಿ ಬಣ್ಣ. ಅದೂ ವಾಪಸ್.

“ಇನ್ನೂ ಬಣ್ಣ ಸುರುದ್ರೆ ಕ್ರೀಮಿಗಿಂತ ಬಣ್ಣನೇ ಜಾಸ್ತಿ ಆಯ್ತದೆ ಮೇಡಂ.”

“ಆಗಲಿ. ಕಪ್ಪು ಅಂದರೆ ಕಪ್ಪು.”

ಇನ್ನೊಂದು ತೊಡಕು ಮೊಟ್ಟೆಯದು. ಬೀಗರ ಊಟದ ದಿನ ನಮ್ಮವರು ಕುರಿ, ಕೋಳಿ ಯಾವುದನ್ನೂ ಬಿಡುವುದಿಲ್ಲ. ಆದರೆ ಧಾರೆ ಮುಗಿಯುವವರೆಗೆ ಛತ್ರದೊಳಗೆ ಮೊಟ್ಟೆಯ ಸಿಪ್ಪೆಯೂ ಬರುವಂತಿಲ್ಲ.

“ಮೊಟ್ಟೆ ಇಲ್ದೆ ಮೂರಂತಸ್ತು ನಿಲ್ಲಾದು ಕಷ್ಟ,” ಎಂದ.

“ನಿಲ್ಲಬೇಕು. ಹೇಗೆ ನಿಲ್ಲಿಸಿದಿರಿ ಅಂತ ಮಾತ್ರ ನನಗೆ ಹೇಳಬೇಡಿ.”

ಆತ ಕೈಮುಗಿದ. “ನೀವೇನಾರ ಬೇಕರಿ ಇಟ್ಟಿದ್ರೆ ನಾನು ಊರು ಬುಡ್ತಿದ್ದೆ ಮೇಡಂ.”

ಕರಿಮಣಿ

ಹುಡುಗನನ್ನು ಸಾಕಿದ್ದು ಮಳವಳ್ಳಿಯ ಅವನ ದೊಡ್ಡಮ್ಮ. ಅವರು ಆರತಿ ಎತ್ತದೆ ಆ ಮನೆಯ ಯಾವ ಗಂಡೂ ಹಸೆಮಣೆ ಏರಿದ್ದಿಲ್ಲ. ಮಗಳನ್ನೂ ಕರೆದುಕೊಂಡು ಲಗ್ನಪತ್ರಿಕೆ ಕೊಡಲು ಹೋದಾಗ ಕೇಕಿನ ಸುದ್ದಿ ಅವರ ಕಿವಿಗೆ ಆಗಲೇ ಬಿದ್ದಿತ್ತು.

“ಮದ್ವೆ ಮನೇಗೆ ಕರೀದಾ? ತೂ!”

ನನ್ನ ಮಗಳು ಮೆಲ್ಲಗೆ, “ತಾಳಿಯಲ್ಲಿ ಕರಿಮಣಿ ಇಲ್ವಾ ದೊಡ್ಡಮ್ಮ?” ಎಂದಳು. ಒಳ್ಳೆಯ ವಾದ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ಐತೆ ಕಣವ್ವ. ಅದ್ನ ಕಟ್ಕತೀವಿ. ಕುಯ್ಕಂಡು ತಿಂತೀವಾ?”

ಆಮೇಲೆ ನನ್ನ ಕಡೆ ತಿರುಗಿದರು. “ಇಡಾದಾದ್ರೆ ಇಟ್ಕಳಿ. ಆದ್ರೆ ನಮ್ ಕಡೆಯೋರು ಒಬ್ರು ಮುಟ್ಟುದ್ರೂ ಬೆಳಿಗ್ಗೆ ನಾನು ಆರತಿ ತಟ್ಟೆ ಮುಟ್ಟಕಿಲ್ಲ. ಕೇಳುಸ್ತಾ ಕಾನ್ವೆಂಟಮ್ಮ?”

ದಾರಿಯುದ್ದಕ್ಕೂ ಮಗಳು ಕೇಕೇ ಬೇಡ ಎಂದು ಅತ್ತಳು. ನಾನು ಒಪ್ಪಲಿಲ್ಲ. ಅಷ್ಟು ಕಷ್ಟಪಟ್ಟು ಬಣ್ಣ ಸರಿಮಾಡಿಸಿದ ಮೇಲೆ ಬೇಡ ಎನ್ನುವುದು ಶಿಸ್ತಲ್ಲ.

ಸ್ವಲ್ಪ ನಗ್ರಿ

ಮದ್ದೂರಿನ ಛತ್ರದ ವೇದಿಕೆಯಲ್ಲಿ ಕೇಕು ಹೊಸ ಬೂಟಿನಂತೆ ಹೊಳೆಯುತ್ತಿತ್ತು. ಕತ್ತರಿಸುವಾಗ ಗಂಡಿನ ಕಡೆಯವರು ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ನಾನು ಊಟದ ಹಾಲಿಗೆ ಹೋಗಿ ಎಲೆಗಳ ತುದಿ ಎಡಕ್ಕಿದೆಯೇ ಎಂದು ನೋಡಿಬರುವಷ್ಟರಲ್ಲಿ ಮೂರಂತಸ್ತೂ ಮಾಯ. ರಟ್ಟಿನ ಮೇಲೆ ಗುಲಾಬಿ ಮಾತ್ರ ಉಳಿದಿತ್ತು. ನಮ್ಮ ಕಡೆಯವರ ಹೊಟ್ಟೆಬಾಕತನಕ್ಕೆ ನಾಚಿಕೆಯಾಯಿತು.

ಆಮೇಲೆ ಗಂಡಿನ ಕಡೆಯವರ ಗುಂಪು ಫೋಟೋ. “ಸ್ವಲ್ಪ ನಗ್ರಿ,” ಎಂದ ಫೋಟೋದವನು. ಒಬ್ಬರೂ ತುಟಿ ಬಿಚ್ಚಲಿಲ್ಲ. ಎಂಥ ಗಾಂಭೀರ್ಯ ಎಂದು ನಾನು ಮೆಚ್ಚಿಕೊಂಡೆ. ದೊಡ್ಡಮ್ಮನಂತೂ ಬಾಯಿಗೆ ಸೆರಗು ಹಿಡಿದಿದ್ದರು. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ.

“ಏನ್ರಣ್ಣ, ಎಣ್ಣು ಒಪ್ಗೆ ಆಗ್ಲಿಲ್ವಾ?” ಎಂದುಬಿಟ್ಟ ಫೋಟೋದವನು.

ಹುಡುಗನ ಚಿಕ್ಕಪ್ಪನಿಗೆ ತಡೆಯಲಾಗದೆ ನಗು ಸಿಡಿಯಿತು. ಬಾಯಿಯೊಳಗೆ ಇದ್ದಿಲ ಮೂಟೆ! ಹಲ್ಲು, ನಾಲಿಗೆ, ಒಸಡು ಎಲ್ಲ ಕಪ್ಪು. ಅವರನ್ನು ನೋಡಿ ಪಕ್ಕದವರು ನಕ್ಕರು. ಅವರದೂ ಕಪ್ಪು. ಸಾಲು ಪೂರ್ತಿ ಹೊಗೆ ಹಿಡಿದ ಒಲೆಗಳು ಬಾಯಿ ತೆರೆದಂತಾಯಿತು.

ಮಗಳು ನನ್ನ ಕೈ ಹಿಚುಕಿದಳು. “ಆರತಿ ಹೋಯ್ತಮ್ಮ.”

ದೊಡ್ಡಮ್ಮ ಎರಡು ಹೆಜ್ಜೆ ಮುಂದೆ ಬಂದು ಗುಡುಗಿದರು. “ತಿಂದ್ಬುಟ್ರೇನ್ಲಾ? ಚಾಚ್ರಲಾ ನಾಲ್ಗೆಯ!”

ಗುಡುಗುವ ಭರದಲ್ಲಿ ಸೆರಗು ಜಾರಿತು. ಇಡೀ ಛತ್ರದಲ್ಲಿ ಅದಕ್ಕಿಂತ ಕರಿಯ ನಾಲಿಗೆ ಇನ್ನೊಂದಿರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆರತಿ ತಟ್ಟೆ ಹಿಡಿದು ನಿಂತಿದ್ದವರು ಅವರೇ, ಬಾಯಿ ತುಂಬ ಎಲೆಯಡಿಕೆ. ಕರ್ಪೂರ ಹಚ್ಚಿ ತಟ್ಟೆ ಎತ್ತಿದವರು ಅರ್ಧಕ್ಕೆ ನಿಲ್ಲಿಸಿ ನನ್ನ ಕಿವಿಯ ಹತ್ತಿರ ಬಾಗಿದರು.

“ಕಾನ್ವೆಂಟಮ್ಮ, ಅದ್ರಾಗೆ ಮೊಟ್ಟೆ ಇರ್ನಿಲ್ಲ ತಾನೇ?”

ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದಾರೆ. “ಕರ್ಪೂರ ಆರಿಹೋಗುತ್ತೆ, ಅಕ್ಕಾವ್ರೇ,” ಎಂದೆ.

ಅವರು ತಟ್ಟೆಯನ್ನು ಗಂಡುಹೆಣ್ಣಿನ ಮುಂದೆ ಪೂರ್ತಿ ಸುತ್ತಿಸಿದರು.

“ಗೊತ್ತಾಯ್ತು ಬುಡು,” ಎಂದರು. “ಅದ್ಕೇ ಅಷ್ಟು ಮೆತ್ತಗಿತ್ತು.”