ಬೆರಳಿಗೆ ಅಂಟದ ಎಣ್ಣೆ

ಇನ್ನೊಬ್ಬರ ಮನಸ್ಸು ಬದಲಾಯಿಸುವ ಚಟ ನನಗೆ ಮೊದಲಿನಿಂದಲೂ ಇದೆ. ನನ್ನ ಮನಸ್ಸು ಬದಲಾಯಿಸಲು ಯಾರಾದರೂ ಬಂದರೆ ಮಾತ್ರ ತಟ್ಟನೆ ಮೀಟಿಂಗ್ ನೆನಪಾಗುತ್ತದೆ. ಸಿಂಗಪುರದಲ್ಲಿ ಎಲ್ಲರ ಕೈಯಲ್ಲೂ ಬೋನಸ್ಸು ಕುಣಿಯುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಆಫೀಸಿನವರು ಕಾಂಡೋ ಫ್ಲ್ಯಾಟ್ ಬುಕ್ ಮಾಡಿದರು, ಕಾರು ಬದಲಾಯಿಸಿದರು. ನಾನು ಅಷ್ಟು ದೂರ ಹೋಗಲಾರದೆ ಹಳೇ ಕಾರಿನ ಎಂಜಿನ್ ಎಣ್ಣೆ ಬದಲಾಯಿಸಲು ಹೊರಟೆ. ಯಾವುದೋ ವೆಬ್‌ಸೈಟಿನಲ್ಲಿ ಸಿಂಥೆಟಿಕ್ ಎಣ್ಣೆಯ ಮಹಿಮೆ ಓದಿ ಒಂದೇ ಸಂಜೆಯಲ್ಲಿ ಪಂಡಿತನಾಗಿದ್ದೆ. ಹೆಸರಿಗೆ ಎಂಜಿನಿಯರ್ ಆದರೂ ನಾನು ಈವರೆಗೆ ಬಿಚ್ಚಿದ ಯಂತ್ರವೆಂದರೆ ಮನೆಯ ಮಿಕ್ಸಿ. ಅದು ಮತ್ತೆ ಕೂಡಿಕೊಳ್ಳಲಿಲ್ಲ.

ಅಡ್ಡ ಬಂದವರು ಕಾಕಿ ಬುಕಿತ್‌ನ ನಮ್ಮ ಮೆಕ್ಯಾನಿಕ್ ಲಿಮ್ ಅಂಕಲ್. ನಾನು ತಂದ ಡಬ್ಬಿಯಿಂದ ಒಂದು ಹನಿ ತೆಗೆದು ಬೆರಳುಗಳ ನಡುವೆ ಉಜ್ಜಿ, ನೀರು ಬೆರೆಸಿದ ಹಾಲು ಕಂಡ ನಮ್ಮಜ್ಜಿಯ ಹಾಗೆ ಮುಖ ಮಾಡಿದರು. “ಟೂ ಥಿನ್ ಲಾ. ಓಲ್ಡ್ ಕಾರ್, ಓಲ್ಡ್ ಸೀಲ್. ಶ್ಯೂರ್ ಲೀಕ್!” ತೆಳು ಎಣ್ಣೆ ಎಂಜಿನ್ನಿನ ಹಳೇ ರಬ್ಬರ್ ಸೀಲಿನ ಸಂದಿಯಿಂದ ಸೋರುತ್ತದೆ, ಬೆರಳಿಗೆ ಅಂಟದ್ದು ಎಣ್ಣೆಯೇ ಅಲ್ಲ ಎಂಬುದು ಅವರ ಸಿದ್ಧಾಂತ. ನಾನು ಅಣು, ಘರ್ಷಣೆ ಎಂದೆಲ್ಲ ಕೊರೆದೆ. ಅವರು ಕೇಳುತ್ತಾ ಕೇಳುತ್ತಾ ಪಕ್ಕದ ಕಾರಿನ ಟೈರ್ ಬಿಚ್ಚಿ ಮುಗಿಸಿದರು. ಕೊನೆಗೆ, ಲೀಕ್ ಆದರೆ ನನ್ನನ್ನು ಬೈಯಬೇಡ ಎಂದು ಎಚ್ಚರಿಸಿ, ಒಲ್ಲದ ಮನಸ್ಸಿನಿಂದ ಸುರಿದರು.

ಜೊತೆಗಿದ್ದ ನನ್ನ ಹೆಂಡತಿ ಸುಮಾ ಇದನ್ನೆಲ್ಲ ಕೇಳಿಸಿಕೊಂಡಳು. ಟ್ಯಾಂಪಿನೀಸ್‌ನಲ್ಲಿ ಮನೆ ಎದುರಿಗೇ ಎಂಆರ್‌ಟಿ ರೈಲು ಇರುವಾಗ ಕಾರೇಕೆ ಎಂಬುದು ಅವಳ ಹಳೆಯ ತಕರಾರು.

“ರೀ, ಒಂದ್ ಹನಿ ಲೀಕ್ ಆದ್ರೂ ಕಾರ್ ಸೇಲ್ ಮಾಡಿಬಿಡೋಣ. ಒಪ್ಪಿಗೆನಾ?”

“ಡನ್,” ಎಂದೆ. ಆಡುವ ಮುಂಚೆ ಯೋಚಿಸುವುದು ನಮ್ಮ ವಂಶದಲ್ಲಿಲ್ಲ. ಆ ಕಾರೆಂದರೆ ನನಗೆ ಪ್ರಾಣ. ಇಡೀ ಸಿಂಗಪುರದಲ್ಲಿ ನಾನು ತಿರುಗಿಸಿದ ಕಡೆ ತಿರುಗುವುದು ಅದೊಂದೇ.

ಮರುದಿನದಿಂದ ನನ್ನ ಬೆಳಗು ಕಾರಿನಡಿಯಲ್ಲಿ ಶುರುವಾಯಿತು. ಮೇಲೆ ಇಸ್ತ್ರಿ ಅಂಗಿ, ಟೈ. ಕೆಳಗೆ ಕಾರ್ ಪಾರ್ಕಿನ ನೆಲದ ಮೇಲೆ ಮಂಡಿ. ಕಲೆ ಕಂಡರೆ ಇನ್ನೂ ಒಳಗೆ ತೆವಳುತ್ತಿದ್ದೆ. ಮುಟ್ಟಿ, ಮೂಸಿ, ಏಸಿಯ ನೀರೆಂದು ಖಾತ್ರಿಯಾದ ಮೇಲೆಯೇ ಆಫೀಸು. ಪಕ್ಕದ ಬ್ಲಾಕಿನ ಆಂಟಿಯೊಬ್ಬರು, “ಎವ್ರಿಡೇ ಪ್ರೇ ಟು ಕಾರ್, ಆ?” ಎಂದು ಕೇಳಿದರು. ಹೌದೆಂದೆ. ಸುಳ್ಳೇನೂ ಅಲ್ಲವಲ್ಲ.

ತಿಂಗಳುಗಳು ಕಳೆದರೂ ಒಂದು ಹನಿಯೂ ಸೋರಲಿಲ್ಲ. ಗೆದ್ದವನು ಹಿಗ್ಗಬೇಕಿತ್ತು. ನನಗೋ, ಇಷ್ಟು ದಿನ ಸೋರದ್ದು ನಾಳೆ ಸೋರಿಯೇ ಬಿಡುತ್ತದೆ ಎಂಬ ಭಯ ಹತ್ತಿತು. ನಿದ್ದೆ ಕೆಟ್ಟಿತು. ತಡೆಯಲಾರದೆ ಒಂದು ಶನಿವಾರ, ಸುಮಾಳಿಗೆ ಬ್ರೇಕಿನ ನೆಪ ಹೇಳಿ ಗ್ಯಾರೇಜಿಗೆ ಹೋದೆ. ಜೊತೆಗೆ ಹೊರಟುಬಂದ ಅವಳನ್ನು ಕಾರಿನಲ್ಲೇ ಕೂರಿಸಿ, ಲಿಮ್ ಅಂಕಲ್ ಕಿವಿಯ ಬಳಿ ಬಾಗಿ, ಹಳೇ ಥರದ ಎಣ್ಣೆಯನ್ನೇ ಹಾಕಿಬಿಡಿ ಎಂದು ಪಿಸುಗುಟ್ಟಿದೆ.

ಅವರು ಇಡೀ ಗ್ಯಾರೇಜಿಗೆ ಕೇಳುವಂತೆ ಗದರಿದರು. “ವೈ ಚೇಂಜ್? ಸಿಂಥೆಟಿಕ್ ವೆರಿ ಗುಡ್! ಯುವರ್ ಕಾರ್ ನೆವರ್ ಲೀಕ್, ಸೋ ಐ ಪುಟ್ ಇನ್ ಮೈ ವ್ಯಾನ್!” ಆಮೇಲೆ ನನ್ನದೇ ಉಪನ್ಯಾಸವನ್ನು ನನಗೇ ಕೊಟ್ಟರು. ನಾನು ಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು. ಟೈರ್ ಬಿಚ್ಚುವ ವಿದ್ಯೆ ನನಗಿಲ್ಲವಾದ್ದರಿಂದ ಪೂರ್ತಿ ಕೇಳಬೇಕಾಯಿತು.

ವಾಪಸ್ ಬರುವಾಗ ಸುಮಾ ಬಹಳ ಹೊತ್ತು ನಕ್ಕಳು. “ಕಾರ್ ಇರ್ಲಿ ಬಿಡಿ, ನೀವೇ ಗೆದ್ರಿ. ಎಣ್ಣೆ ಎಲ್ಲೂ ಸೋರ್ಲಿಲ್ಲ. ಸೋರಿದ್ದು ನಿಮ್ಮ ಧೈರ್ಯ.”

ಅದಕ್ಕೇನು ರಿಪೇರಿ ಎಂದು ಕೇಳಲು ಬಾಯಿ ತೆರೆದೆ. ಅವಳ ಬಳಿ ಉತ್ತರ ಇದ್ದೇಬಿಟ್ಟರೆ ಎಂದು ಹೆದರಿ ಮುಚ್ಚಿಕೊಂಡೆ.