ಜಿಡ್ಡಣ್ಣನ ವೇಗವರ್ಧಕ

“ಅಲ್ಲಪ್ಪಾ, ತುಕ್ಕನ್ನೂ ಯಾರಾದ್ರೂ ಬೀರುವಿನಲ್ಲಿಟ್ಟು ಬೀಗ ಹಾಕ್ತಾರಾ?”

ಸ್ಟೋರ್ ಕೀಪರು ಹೀಗೆ ಕೇಳಿದ್ದೇ ತಡ, ಜಿಡ್ಡಣ್ಣ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು.

“ತುಕ್ಕಲ್ಲ ಸಾರ್ ಅದು! ಲೋಹದ ಆಕ್ಸೈಡು. ಕಬ್ಬಿಣದ್ದು, ನಿಕ್ಕಲ್ಲಿಂದು, ಅಳತೆ ಹಾಕಿ ಬೆರೆಸಿ ಸುಟ್ಟಿರೋದು.”

“ಕಬ್ಬಿಣ ಕೆಂಪಾದ್ರೆ ನಮ್ಮಜ್ಜಿ ತುಕ್ಕು ಅಂತಿದ್ಲು. ನೀನು ಓದಿದೋನು, ಆಕ್ಸೈಡು ಅಂತೀಯ. ಕೂಸಿಗೆ ಯಾವ ಹೆಸರಿಟ್ರೂ ಮೂಗು ಅದೇ ಬಿಡು.”

ಆ ತೈಲ ಕೇಂದ್ರದಲ್ಲಿ ಅವನನ್ನು ಜಿಡ್ಡಣ್ಣ ಎನ್ನದೆ ಬೇರೆ ಹೆಸರಿನಿಂದ ಕರೆಯುವವರೇ ಇರಲಿಲ್ಲ. ಅಲ್ಲಿ ನೆಲದಿಂದ ಬರುತ್ತಿದ್ದದ್ದು ಎಣ್ಣೆಯೇ ಅಲ್ಲ, ಮುನಿಸಿಕೊಂಡ ಅಳಿಯ. ಎಷ್ಟು ಕರೆದರೂ ಕೂತಲ್ಲಿಂದ ಏಳದು. ಉಗಿ ಹಾಯಿಸಿ ಬಿಸಿ ಮಾಡಿದರೆ ಒಂದು ಗೇಣು ಸರಿಯುವುದು, ಬಿಸಿ ಆರಿದೊಡನೆ ಕೊಳವೆಯಲ್ಲೇ ಮಲಗುವುದು. ತನ್ನ ಪುಡಿ ಬೆರೆಸಿ ಕಾಯಿಸಿದರೆ ಆರಿದ ಮೇಲೂ ಅದು ನೀರಿನಂತೆ ಹರಿಯುತ್ತದೆ ಎಂದು ಜಿಡ್ಡಣ್ಣ ಹೇಳುತ್ತಲೇ ಬಂದಿದ್ದ. ಇಂದು ದೊಡ್ಡ ಸಾಹೇಬರ ಎದುರು ಅದರ ಪರೀಕ್ಷೆ. ಹರಿದರೆ ಅವನ ಕೆಲಸ ಕಾಯಂ. ಹರಿಯದಿದ್ದರೆ ಈಗಿನ ಹಂಗಾಮಿ ಕೆಲಸಕ್ಕೂ ಎಳ್ಳುನೀರು. “ಕಾಯಂ ಆಗಿ ಬನ್ರೀ,” ಎಂದು ಬಾಗಿಲವರೆಗೆ ಬಂದ ಹೆಂಡತಿ, ಅವನ ಮುಖ ನೋಡಿ, “ಆಗ್ದಿದ್ರೂ ಬನ್ನಿ” ಎಂದು ಸೇರಿಸಿದ್ದಳು.

“ಅದೇನು ಮಾಡತ್ತೆ ನಿನ್ನ ಪುಡಿ?” ಸ್ಟೋರ್ ಕೀಪರು ಬಿಡಲಿಲ್ಲ.

“ಕೂಡು ಕುಟುಂಬಕ್ಕೆ ಚಾಡಿಕೋರರು ಹೊಕ್ಕ ಹಾಗೆ ಸಾರ್. ದೊಡ್ಡ ದೊಡ್ಡ ಅಣುಗಳನ್ನ ಬೇರೆ ಬೇರೆ ಮಾಡಿಬಿಡತ್ತೆ. ತಾನು ಮಾತ್ರ ಒಂಚೂರೂ ಸವೆಯಲ್ಲ.”

“ಥೇಟ್ ನಮ್ಮತ್ತಿಗೆ!”

ಜಿಡ್ಡಣ್ಣ ನಗುತ್ತಲೇ ಬೀರು ತೆಗೆದು ಡಬ್ಬ ಎತ್ತಿದ. ನಗು ಅಲ್ಲೇ ನಿಂತಿತು. ಡಬ್ಬ ಹಗುರವಾಗಿತ್ತು. ತುಂಬಿದ್ದ ಪುಡಿ ಅರ್ಧಕ್ಕಿಳಿದಿತ್ತು.

ಅಷ್ಟರಲ್ಲಿ ಸಾಹೇಬರ ಡ್ರೈವರು ತಲೆ ಕೆರೆಯುತ್ತ ಒಳಬಂದ. “ಅಣ್ಣಾ, ಬೇಜಾರಾಗ್ಬೇಡ. ಡಬ್ಬದ ಮೇಲೆ ‘ವೇಗವರ್ಧಕ’ ಅಂತ ಬರ್ದಿತ್ತು. ಸಾಹೇಬ್ರು ದಿನಾ ‘ನಿನ್ನ ಗಾಡಿ ಎಮ್ಮೆ ಥರ ಹೋಗತ್ತೆ’ ಅಂತ ಬೈತಾರೆ. ಅದಕ್ಕೇ ಬೆಳಿಗ್ಗೆ ಒಂದಿಷ್ಟು ಟ್ಯಾಂಕಿಗೆ ಸುರಿದೆ.”

“ಅಯ್ಯೋ ಪುಣ್ಯಾತ್ಮ! ಆಮೇಲೆ?”

“ಎಮ್ಮೆ ಹೋಗ್ತಾನಾದ್ರೂ ಇತ್ತು. ಈಗ ಮಲಗ್ಬಿಟ್ಟಿದೆ.”

“ಸಾಹೇಬ್ರು?”

“ನಡ್ಕೊಂಡು ಬರ್ತಾ ಇದಾರೆ.”

“ನಿಂಗೆ ಬೀಗದ ಕೈ ಕೊಟ್ಟೋರ್ಯಾರೋ?”

ಡ್ರೈವರು ಸ್ಟೋರ್ ಕೀಪರನ್ನು ನೋಡಿದ. ಸ್ಟೋರ್ ಕೀಪರು ಸೂರು ನೋಡಿದರು. “ತುಕ್ಕು ತಾನೆ ಅಂತ ಕೊಟ್ಟೆ ಕಣಪ್ಪಾ.”

ಜಿಡ್ಡಣ್ಣ ಒಂದು ಲೋಟ ನೀರು ಹಿಡಿದು ಗೇಟಿನತ್ತ ಓಡಿದ. ಸಾಹೇಬರು ಬಿಸಿಲಲ್ಲಿ ಬೆಂದು, ಧೂಳಲ್ಲಿ ಹೊರಳಿ, ಸುಟ್ಟ ಬದನೆಕಾಯಿಯಂತಾಗಿದ್ದರು. ನೀರು ಕುಡಿದು, “ಇವತ್ತು ಆ ಎಣ್ಣೆ ಹರೀದಿದ್ರೆ ನಿನ್ನನ್ನೇ ಕೊಳವೆಗೆ ತುಂಬ್ತೀನಿ” ಎಂದರು.

ಒಳಗೆ ಬಂದು ನೋಡಿದರೆ ಡಬ್ಬ ಕಂಠಪೂರ್ತಿ ತುಂಬಿದೆ! ಸ್ಟೋರ್ ಕೀಪರು ಉಗುರಿನಿಂದ ಕೆಂಪು ತೆಗೆಯುತ್ತ ಪಿಸುಗುಟ್ಟಿದರು: “ನನ್ನಿಂದಾದ ತಪ್ಪು ನಾನೇ ಸರಿ ಮಾಡ್ದೆ. ಹಿಂದಿನ ಗೇಟು ಕೆರೆದು ತಂದೆ.”

“ಏನು ಗರ ಬಡಿದೋನ ಥರ ನಿಂತಿದೀಯ? ಹಾಕು!” ಎಂದು ಸಾಹೇಬರು ಗುಡುಗಿದರು.

ಜಿಡ್ಡಣ್ಣ ಕಣ್ಣು ಮುಚ್ಚಿಕೊಂಡು ತನ್ನ ಪುಡಿಯನ್ನೂ ಗೇಟಿನ ತುಕ್ಕನ್ನೂ ಒಟ್ಟಿಗೇ ಎಣ್ಣೆಯ ತೊಟ್ಟಿಗೆ ಸುರಿದ. ಮುಚ್ಚಳ ಬಿಗಿಯಿತು. ಉರಿ ಹತ್ತಿತು. ತೊಟ್ಟಿ ಗೊರಗೊರ ಎಂದಿತು. ಕಾಯ್ದು, ಆರಿ, ಮಧ್ಯಾಹ್ನದ ಊಟದ ಹೊತ್ತೂ ಮೀರಿದ ಮೇಲೆ ಜಿಡ್ಡಣ್ಣ ನಲ್ಲಿ ತಿರುಗಿಸಿದ.

ಎಣ್ಣೆ ಹರಿಯಿತು. ಯಾರಿಗೂ ಹೇಳಬೇಡಿ ಎಂದು ಹೇಳಿದ ಗುಟ್ಟಿನ ಹಾಗೆ ಸರಸರನೆ ಹರಿಯಿತು!

“ನನ್ನ ಗೇಟು!” ಎಂದರು ಸ್ಟೋರ್ ಕೀಪರು. ಸಾಹೇಬರು ಎಣ್ಣೆಯಲ್ಲಿ ಬೆರಳದ್ದಿ, ಬೆರಳು ಮೇಲೆತ್ತಿ, ಹನಿ ತೊಟ್ಟಿಕ್ಕುವುದನ್ನು ಕಂಡು ಮಗುವಿನಂತೆ ನಕ್ಕರು. “ಭಲೇ ಜಿಡ್ಡಣ್ಣ! ನಾಳೆನೇ ನೀನು ಕಾಯಂ. ಬಿಡು, ಬಿಡು, ದೊಡ್ಡ ಕೊಳವೆಗೇ ಬಿಡು! ಆ ತುದೀಲಿ ಬರೋದನ್ನ ನೋಡೋಣ.”

ಎಲ್ಲರೂ ಕೊಳವೆಯ ಆ ತುದಿಗೆ ಓಡಿ ಕಾದರು. ಒಂದು ಹನಿಯೂ ಬರಲಿಲ್ಲ. ನೆತ್ತಿಯ ಮೇಲೆ ಹಾದುಹೋಗಿದ್ದ ಕೊಳವೆಯಿಂದ ಸಾಹೇಬರ ಬೋಳುತಲೆಯ ಮೇಲೆ ಮಾತ್ರ ಟಪ್ ಎಂದಿತು. ಇನ್ನೊಂದು ಟಪ್ ಡ್ರೈವರನ ಮೂಗಿಗೆ. ತಲೆಯೆತ್ತಿ ನೋಡಿದರೆ ಆ ಉದ್ದಾನುದ್ದ ಕೊಳವೆಯ ಸಂದುಸಂದಿನಲ್ಲೂ ಎಣ್ಣೆ ಜರಡಿಯಲ್ಲಿ ಸುರಿದಂತೆ ಸೋರುತ್ತಿತ್ತು.

“ನಾನು ಬಂದಾಗಿಂದ ಈ ಕೊಳವೆ ಒಂದು ಹನಿ ಸೋರಿಲ್ವಲ್ಲಯ್ಯಾ!” ಎಂದರು ಸಾಹೇಬರು.

ಜಿಡ್ಡಣ್ಣನಿಗೆ ಆಗ ಅರ್ಥವಾಯಿತು. “ಸಾರ್... ಕೊಳವೆ ಮೊದ್ಲಿಂದ್ಲೂ ತೂತೇ ಇರ್ಬೇಕು. ಆ ಗಟ್ಟಿ ಎಣ್ಣೆನೇ ಮೇಣದ ಹಾಗೆ ಮೆತ್ಕೊಂಡು ಮುಚ್ಚಿತ್ತು.”

“ಹಾಗಾದ್ರೆ ಇದನ್ನ ಮತ್ತೆ ಗಟ್ಟಿ ಮಾಡೋಕೆ ಏನು ಹಾಕ್ಬೇಕು?”

“ಅದನ್ನ... ಕಂಡುಹಿಡೀಬೇಕು ಸಾರ್.”

“ಹಿಡಿ! ಇನ್ನೊಂದು ವರ್ಷ ಕೊಟ್ಟಿದೀನಿ.”

“ಕಾಯಂ ಆಗಿನಾ ಸಾರ್?”

“ಹಂಗಾಮಿ! ಮೊದ್ಲು ಎಣ್ಣೆ ನಿಲ್ಲಲಿ. ಆಮೇಲೆ ನೀನು ನಿಲ್ಲೋ ವಿಚಾರ.” ತಲೆ ಒರೆಸಿಕೊಳ್ಳುತ್ತ ಸಾಹೇಬರು ಹೊರಟರು, ಗಾಡಿಯಿಲ್ಲದ್ದು ನೆನಪಾಗಿ ಇನ್ನಷ್ಟು ಬೈದುಕೊಂಡು ಹೊರಟರು.

ಉಳಿದ ಮೂವರೂ ಸ್ಟೂಲು, ಏಣಿ ಹತ್ತಿ ಸಿಕ್ಕ ಸಿಕ್ಕ ಸಂದಿಗೆ ಬೆರಳು ಒತ್ತಿ ನಿಂತರು.

“ಏನೇ ಅನ್ನಣ್ಣಾ, ಹರೀತಲ್ಲ!” ಎಂದ ಡ್ರೈವರು.

ಜಿಡ್ಡಣ್ಣನಿಗೆ ನಗು ತಡೆಯಲಾಗಲಿಲ್ಲ. “ಹರೀತು ಕಣೋ. ಚೆನ್ನಾಗೇ ಹರೀತು. ಕರಗಿಸೋಕೆ ಬಂದೋನಿಗೆ ಗಟ್ಟಿ ಮಾಡೋದೇನು ಮಹಾ!”

ಅವನ ಹೆಬ್ಬೆರಳಿನ ಪಕ್ಕದಿಂದ ನುಸುಳಿದ ಒಂದು ಹನಿ, ಎಲ್ಲೂ ಅಂಟದೆ, ಎಲ್ಲೂ ನಿಲ್ಲದೆ, ಮುಂಗೈ ಇಳಿದು, ಮೊಣಕೈ ಸುತ್ತಿ, ಅಂಗಿಯ ತೋಳಿನೊಳಗೆ ಹೊಕ್ಕು ಕಂಕುಳಿಗೆ ಕಚಗುಳಿಯಿಟ್ಟಿತು.